ಅಂಗಳಕ್ಕೆ ಗೆರೆ ಎಳೆದ ನನ್ನ ತಮ್ಮ

ನನ್ನ ತಮ್ಮನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿದೆ. ಅದು ಅವನ ಲೈಸೆನ್ಸಿನಲ್ಲಿ ಬೆಚ್ಚಗೆ ಮಲಗಿದೆ. ಮರದ ಮಿಲ್ಲಿನವರಿಗೂ ನಮ್ಮ ಬೀದಿಯವರಿಗೂ ಅವನು ಬರೀ ಗೆರೆಯಣ್ಣ. ನಾನು ಅವನಿಗಿಂತ ಆರು ವರ್ಷ ದೊಡ್ಡವಳು. ಆದರೂ ಸಿಟ್ಟು ಬಂದಾಗ ನನ್ನ ಬಾಯಲ್ಲೂ ಗೆರೆಯಣ್ಣ ಎಂದೇ ಬರುತ್ತದೆ.

ಆ ಹೆಸರು ದಾರದಿಂದ ಬಂದದ್ದು. ನಮ್ಮಪ್ಪ ಅದೇ ಮಿಲ್ಲಿನಲ್ಲಿ ದಿಮ್ಮಿಗಳಿಗೆ ಗುರುತು ಹಾಕುವ ಕೆಲಸ ಮಾಡುತ್ತಿದ್ದರು. ಗರಗಸಕ್ಕೆ ಕೊಡುವ ಮೊದಲು ದಿಮ್ಮಿಯ ಮೇಲೆ ನೇರ ಗೆರೆ ಬೀಳಬೇಕು. ಕೆಂಪು ಪುಡಿಯಲ್ಲಿ ಹೊರಳಿಸಿದ ದಾರವನ್ನು ಆ ತುದಿಗೊಬ್ಬರು ಈ ತುದಿಗೊಬ್ಬರು ಬಿಗಿಯಾಗಿ ಹಿಡಿದು, ನಡುವೆ ಎರಡು ಬೆರಳಿನಲ್ಲಿ ಎತ್ತಿ ಬಿಟ್ಟರೆ ‘ಟಪ್’ ಎಂದು ಗೆರೆ ಮೂಡುತ್ತದೆ. ಮೀಸೆ ಚಿಗುರುವ ವಯಸ್ಸಿನಲ್ಲಿ ನನ್ನ ತಮ್ಮ ಆ ದಾರದ ಇನ್ನೊಂದು ತುದಿ ಹಿಡಿದ. “ದಾರ ಸಡಿಲ ಬಿಟ್ರೆ ಗೆರೆ ಸುಳ್ಳು ಹೇಳುತ್ತೆ ಕಣೋ” ಎಂದು ಅಪ್ಪ ಹೇಳಿದ್ದನ್ನು ಅವನು ಮರಕ್ಕಷ್ಟೇ ಹೇಳಿದ್ದು ಎಂದುಕೊಳ್ಳಲಿಲ್ಲ. ತನ್ನ ಜೀವಕ್ಕೇ ಅಂಟಿಸಿಕೊಂಡ. ಊಟದ ತಟ್ಟೆ, ಹಾಸಿಗೆಯ ಅಂಚು, ತಲೆಯ ಬೈತಲೆ, ಎಲ್ಲಾ ನೇರ. ಅವನ ಹೆಂಡತಿ ಮದುವೆಯಾದ ಹೊಸದರಲ್ಲಿ ನನ್ನ ಹತ್ತಿರ ಬಂದು, “ಅತ್ತಿಗೆ, ಇವರು ಒಗೆದ ಬಟ್ಟೆ ಹರವಿದ್ದನ್ನೂ ಒಂದು ಕಣ್ಣು ಮುಚ್ಚಿ ಅಳೀತಾರೆ. ನನಗೆ ಗಂಡ ಸಿಕ್ಕಿದಾನೋ ಅಳತೆಗೋಲು ಸಿಕ್ಕಿದೆಯೋ?” ಎಂದು ಕೇಳಿದ್ದಳು.

“ಎರಡೂ ಒಂದೇ ಕಣೆ, ಸುಮ್ನಿರು. ಅಳತೆಗೋಲಾದ್ರೆ ಕುಡಿದು ಬರಲ್ಲ” ಎಂದಿದ್ದೆ.

ಆಮೇಲೆ ಅವನು ಗಾಡಿ ಕಲಿತ. ಮಿಲ್ಲಿನ ಪಿಕಪ್ ವಾಹನಕ್ಕೆ ಡ್ರೈವರ್ ಆದ. ಕೊಯ್ದ ಹಲಗೆಯನ್ನು ಗರಗಸದ ಮನೆಯಿಂದ ಒಣಗಿಸುವ ಶೆಡ್ಡಿಗೆ ಸಾಗಿಸುವುದು, ಅಲ್ಲಿಂದ ಊರೊಳಗಿನ ಬಡಗಿಗಳಿಗೆ ಮುಟ್ಟಿಸುವುದು. ಮೂವತ್ತೊಂದು ವರ್ಷ ಇದೇ ಕೆಲಸ. ಆ ಮೂವತ್ತೊಂದು ವರ್ಷದಲ್ಲಿ ಅವನ ಲೈಸೆನ್ಸಿನ ಮೇಲೆ ಪೊಲೀಸರ ಒಂದು ಚುಕ್ಕೆಯೂ ಬಿದ್ದಿರಲಿಲ್ಲ. ಬೇರೆ ಡ್ರೈವರುಗಳು ಅವನನ್ನು ಕಂಡರೆ, “ಬಂದ ನೋಡು, ಎಳೆದ ಗೆರೆ ದಾಟದ ಮಹಾಪುರುಷ” ಎನ್ನುತ್ತಿದ್ದರು. ಅವನು ನಗುತ್ತಿದ್ದ. ಒಳಗೊಳಗೇ ಹಿಗ್ಗುತ್ತಿದ್ದ ಎಂಬುದು ನನಗೊಬ್ಬಳಿಗೆ ಗೊತ್ತು. ಹೆತ್ತವರಿಗಿಂತ ಹೆಚ್ಚು ಎತ್ತಿ ಆಡಿಸಿದವಳು ನಾನು.

ಸೀಟ್ ಬೆಲ್ಟ್ ಕಡ್ಡಾಯ ಎಂದು ಕಾನೂನು ಬಂದಾಗಿನ ಒಂದು ಸಂಗತಿ ಹೇಳಲೇಬೇಕು. ನಾನಾಗ ಮಿಲ್ಲಿನಲ್ಲಿ ಮರದ ಪುಡಿ ತುಂಬುವ ಚೀಲಗಳನ್ನು ಹೊಲಿಯುತ್ತಿದ್ದೆ. ಇನ್ನೊಬ್ಬ ಡ್ರೈವರ್ ತನ್ನ ಬಿಳಿ ಅಂಗಿಯನ್ನು ತಂದು, “ಅಕ್ಕ, ಭುಜದಿಂದ ಸೊಂಟದವರೆಗೆ ಅಡ್ಡಲಾಗಿ ಒಂದು ಕರೀ ಪಟ್ಟಿ ಹೊಲಿದುಕೊಡಿ. ದೂರದಿಂದ ನೋಡೋರಿಗೆ ಬೆಲ್ಟ್ ಹಾಕ್ಕೊಂಡ ಹಾಗೆ ಕಾಣುತ್ತೆ” ಎಂದ. ಒಳ್ಳೇ ಉಪಾಯ ಎನಿಸಿತು. ಚೀಲದ ದಪ್ಪ ಸೂಜಿ ತೆಗೆದು ಅರ್ಧ ಹೊಲಿದಿದ್ದೆ. ಅಷ್ಟರಲ್ಲಿ ನನ್ನ ತಮ್ಮ ಬಂದ. ಅಂಗಿ ನೋಡಿದ, ನನ್ನ ಮುಖ ನೋಡಿದ.

“ಅಕ್ಕಾ, ನೀನು ಸುಳ್ಳನ್ನೂ ಹೊಲಿದುಕೊಡ್ತೀಯಾ?”

ಅಷ್ಟೇ ಕೇಳಿದ್ದು. ನಾನು ಹೊಲಿಗೆ ಬಿಚ್ಚಿದೆ. ಇವತ್ತಿಗೂ ಕರೀ ಬಟ್ಟೆ ಕಂಡರೆ ಆ ಮಾತು ಸೂಜಿಯ ಹಾಗೆ ಚುಚ್ಚುತ್ತದೆ.

ಹೀಗೆಲ್ಲ ಇದ್ದವನಿಗೆ ಒಂದೇ ಒಂದು ಅಭ್ಯಾಸ ಬೇರೆ ಥರದ್ದಿತ್ತು. ರಸ್ತೆಯಲ್ಲಿ ಇರುವಷ್ಟು ಹೊತ್ತು ಎದೆಯ ಮೇಲೆ ಬೆಲ್ಟ್ ಬಿಗಿದೇ ಇರಬೇಕು. ಗಾಡಿ ಮಿಲ್ಲಿನ ಗೇಟಿನೊಳಗೆ ಮೂತಿ ಇಟ್ಟ ತಕ್ಷಣ ‘ಟಕ್’ ಎಂದು ಬಿಚ್ಚಬೇಕು. ಉದ್ದ ಹಲಗೆ ಹೇರಿಕೊಂಡು ಅಂಗಳದಲ್ಲಿ ಹಿಂದೆ ಮುಂದೆ ಮಾಡುವಾಗ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ನೋಡಬೇಕಾಗುತ್ತಿತ್ತು ಎನ್ನುವುದು ಒಂದು ಕಾರಣ. ಆದರೆ ಅವನು ಹೇಳುತ್ತಿದ್ದ ಕಾರಣ ಬೇರೆ. “ಮನೆ ಬಾಗಿಲಿಗೆ ಬಂದ ಮೇಲೆ ಚಪ್ಪಲಿ ಬಿಡಲ್ವಾ? ಹಾಗೆ ಇದು.”

ಆ ಅಂಗಳದ ಬಗ್ಗೆಯೂ ಹೇಳಬೇಕು, ಕತೆಯೆಲ್ಲ ಇರುವುದು ಅಲ್ಲೇ. ಮಿಲ್ಲಿಗೆ ಎರಡು ಗೇಟು. ಒಂದು ನಮ್ಮ ಮನೆಗಳ ಕಡೆಗೆ, ಇನ್ನೊಂದು ಆಸ್ಪತ್ರೆ ಬೀದಿಯ ಕಡೆಗೆ. ನಡುವೆ ಅಂಗಳ, ಮುನ್ನೂರು ಹೆಜ್ಜೆ. ಅಂಗಳದ ಮೂಲಕ ಹೋಗದಿದ್ದರೆ ಲಾರಿಗಳು ನುಗ್ಗುವ ದೊಡ್ಡ ರಸ್ತೆಯಲ್ಲಿ ಸುತ್ತು ಹಾಕಬೇಕು; ಅಲ್ಲಿ ಕಾಲು ಇಡಲು ಪಕ್ಕದಲ್ಲಿ ಒಂದು ಗೇಣು ಜಾಗವಿಲ್ಲ. ಹಾಗಾಗಿ ಅದೆಷ್ಟೋ ವರ್ಷದಿಂದ ಎರಡೂ ಗೇಟು ತೆರೆದೇ ಇರುತ್ತಿದ್ದವು. ಯಾರೂ ಅಪ್ಪಣೆ ಕೊಟ್ಟದ್ದಿಲ್ಲ, ಯಾರೂ ಬೇಡ ಎಂದದ್ದೂ ಇಲ್ಲ. ಆಸ್ಪತ್ರೆಯಲ್ಲಿ ಆಯಾ ಆಗಿದ್ದ ತಮ್ಮನ ಹೆಂಡತಿ ಹೋಗುತ್ತಿದ್ದದ್ದು ಅಲ್ಲೇ. ಮಂಡಿನೋವಿನ ಮುದುಕಿಯರು ಹೋಗುತ್ತಿದ್ದದ್ದು ಅಲ್ಲೇ. ಆ ಪೈಕಿ ನಾನೂ ಒಬ್ಬಳು. ಕಣ್ಣು ಕಾಣದ ಕುರ್ಚಿ ಮಾವನಂತೂ ದಿನಕ್ಕೆರಡು ಸಲ. ಅವರು ಬೆತ್ತದ ಕುರ್ಚಿ ಹೆಣೆಯುವವರು. ಸಂಬಂಧದಲ್ಲಿ ಯಾರಿಗೂ ಮಾವ ಅಲ್ಲ, ಬೀದಿಗೆಲ್ಲ ಮಾವ.

ಏಳು ವರ್ಷದ ಹಿಂದೆ ಹೀಗಾಯಿತು. ತಮ್ಮ ಹಲಗೆ ಹೇರಿಕೊಂಡು ಹಿಂದಕ್ಕೆ ಬರುತ್ತಿದ್ದ. ಕುರ್ಚಿ ಮಾವ ಅಂಗಳದ ನಡುವೆ ದಿಕ್ಕು ತಪ್ಪಿ ನಿಂತಿದ್ದರು. ಗರಗಸದ ಸದ್ದಿನಲ್ಲಿ ಗಾಡಿಯ ಸದ್ದು ಅವರಿಗೆ ಕೇಳಲಿಲ್ಲ. ಹಲಗೆಯ ತುದಿ ಅವರ ಕಿವಿಯ ಪಕ್ಕದಲ್ಲಿ ಹಾದುಹೋಯಿತು. ಏನೂ ಆಗಲಿಲ್ಲ. ಮಾವ, “ಯಾರಪ್ಪಾ ಗಾಳಿ ಹಾಕ್ತಿರೋದು, ಸೆಕೆ ಇತ್ತು, ಒಳ್ಳೇದಾಯ್ತು” ಎಂದು ನಕ್ಕರು. ನನ್ನ ತಮ್ಮನಿಗೆ ಮಾತ್ರ ಎರಡು ದಿನ ಊಟ ಸೇರಲಿಲ್ಲ.

ಮೂರನೇ ದಿನ ರಜೆ ಇತ್ತು. ಅಪ್ಪನ ಹಳೇ ದಾರ ತೆಗೆದ. ಒಂದು ತುದಿ ನನ್ನ ಕೈಗೆ ಕೊಟ್ಟ. ಗೇಟಿನಿಂದ ಗೇಟಿಗೆ ಟಪ್ ಟಪ್ ಎಂದು ಗೆರೆ ಹೊಡೆದು, ಅದರ ಮೇಲೆ ಗೋಡೆಗೆ ಬಳಿದು ಉಳಿದಿದ್ದ ಬಿಳಿ ಬಣ್ಣ ಹಚ್ಚಿದ. ಗೋಡೆಯ ಕಡೆಗೆ ನಡೆಯುವವರ ಜಾಗ, ಈ ಕಡೆಗೆ ಗಾಡಿಯ ಜಾಗ. ಗೆರೆಯುದ್ದಕ್ಕೂ ತೆಳುವಾದ ಮರದ ರೀಪು ಬಡಿದ, ಕುರ್ಚಿ ಮಾವನ ಕೋಲಿಗೆ ತಾಕಲಿ ಅಂತ. ನಡೆಯುವವರು ಗಾಡಿಯ ದಾರಿಯನ್ನು ದಾಟಬೇಕಾದ ಕಡೆ ಊರಿನ ರಸ್ತೆಗಳಲ್ಲಿ ಇರುವ ಹಾಗೆ ದಪ್ಪ ಅಡ್ಡಪಟ್ಟೆಗಳನ್ನೂ ಹಾಕಿದ. ಕೊನೆಗೆ ಒಂದು ಹಲಗೆಯ ಮೇಲೆ ‘ನಿಧಾನ’ ಎಂದು ಬರೆದು ನೆಟ್ಟ. ‘ಧಾ’ಕ್ಕೆ ಹೊಟ್ಟೆ ಸೀಳಿರಲಿಲ್ಲ; ನಾಲ್ಕನೇ ಕ್ಲಾಸಿಗೆ ಬಿಟ್ಟ ನನಗೇ ಅದು ಕಂಡಿತು. ಹೇಳಿದೆ, ಸೀಳಿದ. ಮಿಲ್ಲಿನ ಯಜಮಾನರು ಬಂದು ನೋಡಿ, “ಏನಯ್ಯಾ ಇದು, ನನ್ನ ಅಂಗಳಾನ ಪೇಟೆ ಬೀದಿ ಮಾಡಿಬಿಟ್ಟೆಯಲ್ಲ!” ಎಂದರು. ಯಜಮಾನರ ಬಾಯಿ ಖಾರ, ಹೊಟ್ಟೆ ತಣ್ಣಗೆ. ಅಳಿಸು ಎನ್ನಲಿಲ್ಲ.

ಅವರು ಅವತ್ತು ತಮಾಷೆಗೆ ಆಡಿದ ಮಾತು ಆರು ವರ್ಷ ಬಿಟ್ಟು ನಿಜವಾಗಿ ಬಂದು ನಿಂತಿತು.

ಕಳೆದ ವರ್ಷ ತಮ್ಮನಿಗೆ ಮಂಡಿ ಹಿಡಿಯತೊಡಗಿತ್ತು. ದಿನಕ್ಕೆ ನಲವತ್ತು ಸಲ ಗಾಡಿಯ ಹಿಂಭಾಗಕ್ಕೆ ಹತ್ತಿ ಇಳಿದು ಹಗ್ಗ ಬಿಗಿಯುವುದು ಅರವತ್ತರ ಹತ್ತಿರ ಬಂದವನಿಗೆ ಸುಲಭವಲ್ಲ. ಅದೇ ಹೊತ್ತಿಗೆ ನಮ್ಮೂರಿನ ಡ್ರೈವಿಂಗ್ ಶಾಲೆಯ ಮೇಡಂ ಒಬ್ಬ ಹಿರಿಯ ಕಲಿಸುವವರನ್ನು ಹುಡುಕುತ್ತಿದ್ದರು. ಕಲಿಯುವವರ ಪಕ್ಕದಲ್ಲಿ ಕೂತು, ಕಾಲ ಕೆಳಗಿನ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು ಹೇಳಿಕೊಡುವ ಕೆಲಸ. ಮೇಡಂ ಇಟ್ಟದ್ದು ಒಂದೇ ನಿಯಮ: ಲೈಸೆನ್ಸು ಕನ್ನಡಿಯ ಹಾಗೆ ಇರಬೇಕು, ಒಂದು ದಂಡದ ಚೀಟಿಯೂ ಬಿದ್ದಿರಬಾರದು. ಇಡೀ ಊರಿನಲ್ಲಿ ಅಂಥವನು ಇವನೊಬ್ಬನೇ. ಮುಂದಿನ ತಿಂಗಳಿಂದ ಬನ್ನಿ ಎಂದಿದ್ದರು. ನನ್ನ ತಮ್ಮ ಆ ಎರಡನೇ ಬ್ರೇಕನ್ನು ಕನಸಿನಲ್ಲೂ ತುಳಿಯುತ್ತಿದ್ದ. “ನಿದ್ದೇಲಿ ಒದೀತಾರೆ ಅತ್ತಿಗೆ. ಬ್ರೇಕ್ ಹಾಕ್ತಿದಾರಂತೆ. ನಾನೇನು ಓಡಿಹೋಗ್ತಿದೀನಾ?” ಎಂದು ಅವನ ಹೆಂಡತಿ ದೂರಿದ್ದಳು.

ಸರಿಯಾಗಿ ಆ ದಿನಗಳಲ್ಲೇ ಹೊಸ ಪೊಲೀಸಮ್ಮ ಬಂದರು. ಸಣ್ಣ ಪ್ರಾಯ, ನೆಟ್ಟಗಿನ ಬೆನ್ನು, ಅಂಗಿಯ ಮಡಿಕೆ ನನ್ನ ತಮ್ಮನೇ ಮೆಚ್ಚುವಷ್ಟು ನೇರ. ದೊಡ್ಡ ರಸ್ತೆಯಲ್ಲಿ ಪೈಪಿಗಾಗಿ ಅಗೆದಿದ್ದರು. ಆಕೆ ತಮ್ಮ ಸ್ಕೂಟರನ್ನು ಎಲ್ಲರ ಹಾಗೆ ಮಿಲ್ಲಿನ ಅಂಗಳದೊಳಗೆ ತಂದರು. ನಾನು ಆಗ ಆಸ್ಪತ್ರೆಯಿಂದ ಬರುತ್ತಾ ಹಲಗೆಗಳ ಅಟ್ಟಿಯ ಮೇಲೆ ಸುಧಾರಿಸಿಕೊಳ್ಳುತ್ತಿದ್ದೆ. ತಮ್ಮ ಗೇಟು ಹೊಕ್ಕ. ಟಕ್ ಎಂದು ಬೆಲ್ಟ್ ಬಿಚ್ಚಿದ. ಪಟ್ಟೆಗಳ ಹತ್ತಿರ ಬಂದು, ದಾಟುವವರು ಯಾರೂ ಇಲ್ಲದಿದ್ದರೂ ನಿಲ್ಲಿಸಿ, ಎರಡೂ ಕಡೆ ನೋಡಿ, ಮುಂದೆ ಹೊರಟ. ಪೊಲೀಸಮ್ಮ ಪೀಪಿ ಊದಿದರು.

“ಬೆಲ್ಟ್ ಎಲ್ರೀ?”

“ಇಲ್ಲೇ ಇದೆ ಮೇಡಂ. ಈಗಷ್ಟೇ ಬಿಚ್ಚಿದೆ. ಒಳಗೆ ಬಂದ್ವಲ್ಲ.”

“ಯಾವುದರ ಒಳಗೆ?”

“ಮಿಲ್ಲಿನ ಒಳಗೆ. ಇದು ನಮ್ಮ ಅಂಗಳ ಮೇಡಂ.”

ಪೊಲೀಸಮ್ಮ ಸುತ್ತ ನೋಡಿದರು. ಬಿಳಿ ಗೆರೆ ನೋಡಿದರು, ಅಡ್ಡಪಟ್ಟೆ ನೋಡಿದರು, ‘ನಿಧಾನ’ ಓದಿದರು. ತರಕಾರಿ ಚೀಲ ಹಿಡಿದ ಇಬ್ಬರು ಹೆಂಗಸರು ಗೆರೆಯ ಆಚೆ ಸಾಲಾಗಿ ನಡೆದುಹೋಗುತ್ತಿದ್ದರು.

“ಅಂಗಳದಲ್ಲಿ ಈ ಪಟ್ಟೆ ಯಾಕಿದೆ?”

“ಜನ ದಾಟೋಕೆ.”

“ಯಾರು ಹಾಕಿದ್ದು?”

“ನಾನೇ ಹಾಕಿದ್ದು” ಎಂದ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು, ಪುಣ್ಯಾತ್ಮನಿಗೆ.

“ಜಾಗ ಯಾರದ್ದು ಅನ್ನೋದಲ್ಲ ಪ್ರಶ್ನೆ,” ಪೊಲೀಸಮ್ಮ ಪುಸ್ತಕ ತೆಗೆದರು. ಮಾತು ಗಟ್ಟಿಯಿರಲಿಲ್ಲ, ಟೀಚರಮ್ಮನ ಹಾಗೆ ಬಿಡಿಸಿ ಹೇಳಿದರು. “ಯಾರು ಬೇಕಾದ್ರೂ ಓಡಾಡೋ ಜಾಗವೋ ಅಲ್ವೋ ಅನ್ನೋದು ಪ್ರಶ್ನೆ. ಗೇಟು ಹಾಕಿ ನಿಮ್ಮವರನ್ನ ಮಾತ್ರ ಬಿಡ್ತಿದ್ರೆ ನಾನೂ ಒಳಗೆ ಬರ್ತಿರಲಿಲ್ಲ, ಚೀಟೀನೂ ಬರೀತಿರಲಿಲ್ಲ. ನೀವು ತೆರೆದಿಟ್ಟಿದೀರಿ, ಗೆರೆ ಹಾಕಿದೀರಿ, ಪಟ್ಟೆ ಬಳಿದಿದೀರಿ. ಇದು ರಸ್ತೆ. ರಸ್ತೆ ಅಂದ ಮೇಲೆ ಬೆಲ್ಟ್ ಹಾಕಬೇಕು.” ಚೀಟಿ ಹರಿದು ಕೈಗಿಟ್ಟರು. “ಒಪ್ಪಿಗೆ ಇಲ್ದಿದ್ರೆ ಹತ್ತು ದಿನದಲ್ಲಿ ಆಫೀಸಿಗೆ ಬಂದು ಹೇಳಿ. ಅಲ್ಲೀವರೆಗೆ ಇದು ಲೈಸೆನ್ಸಿಗೆ ಏರಲ್ಲ.”

ಸ್ಕೂಟರು ಹೊರಟುಹೋಯಿತು. ನನ್ನ ತಮ್ಮ ಚೀಟಿ ಹಿಡಿದು, ಅದು ಬೇರೆ ಯಾರದ್ದೋ ಮದುವೆಯ ಕಾಗದ ತನ್ನ ಕೈಗೆ ಬಂದಿದೆ ಎನ್ನುವ ಹಾಗೆ ನಿಂತಿದ್ದ. ದಂಡ ಅಂಥ ದೊಡ್ಡದೇನಲ್ಲ. ಆದರೆ ಅದು ಲೈಸೆನ್ಸಿಗೆ ಏರಿದರೆ ಎರಡನೇ ಬ್ರೇಕು ಹೋಯಿತು.

ಗರಗಸದವರು ಹೊರಗೆ ಬಂದರು. ಒಬ್ಬ, “ಅಣ್ಣಾ, ತಾನು ತೋಡಿದ ಹಳ್ಳಕ್ಕೆ ತಾನೇ ಬೀಳೋದು ಕೇಳಿದ್ದೆ. ತಾನು ಬಳಿದ ಪಟ್ಟೆ ಮೇಲೆ ತಾನೇ ಜಾರೋದು ಇವತ್ತು ನೋಡಿದೆ” ಎಂದ. ಯಾವತ್ತೋ ಅಂಗಿಗೆ ಪಟ್ಟಿ ಹೊಲಿಸಿಕೊಳ್ಳಲು ಬಂದಿದ್ದ ಡ್ರೈವರ್ ಈಗಲೂ ಅಲ್ಲೇ ಇದ್ದ. ಅವನು ನನ್ನನ್ನು ನೋಡಿ, “ನೋಡಿದ್ರಾ ಅಕ್ಕ, ಅವತ್ತು ಎರಡು ಅಂಗಿ ಹೊಲಿದಿದ್ರೆ ಚೆನ್ನಾಗಿತ್ತು” ಎಂದು ಕಣ್ಣು ಮಿಟುಕಿಸಿದ.

ಯಜಮಾನರಿಗೆ ಸುದ್ದಿ ಮುಟ್ಟಿತು. ಅವರಿಗೆ ನನ್ನ ತಮ್ಮ ಎಂದರೆ ಪ್ರಾಣ. ಆದರೆ ಅದನ್ನು ಬೈಗುಳದಲ್ಲೇ ಹೇಳುವವರು. “ನನ್ನ ಅಂಗಳ ರಸ್ತೆಯಂತೆ! ಹಾಗಾದ್ರೆ ನನ್ನ ಅಡುಗೆಮನೆ ಬಸ್‌ಸ್ಟ್ಯಾಂಡಾ? ಕೂತ್ಕೋ, ಕಾಗದ ಬರೀತೀನಿ” ಎಂದು ಬರೆದರು. ಇದು ಖಾಸಗಿ ಜಾಗ, ಗೇಟುಗಳನ್ನು ಮುಚ್ಚಲಾಗಿರುತ್ತದೆ, ಹೊರಗಿನವರಿಗೆ ಪ್ರವೇಶವಿಲ್ಲ ಎಂದು. ಬರೆದು ಮುಗಿಸಿ ಪೆನ್ನು ಕಚ್ಚಿಕೊಂಡು ಕೂತರು. “ಬರೆದದ್ದು ಸುಳ್ಳಾಗಬಾರದು, ಅಲ್ವೇನಯ್ಯಾ? ನೀನು ಸುಳ್ಳಿಗೆ ಒಪ್ಪಲ್ಲ. ಇವತ್ತಿಂದಲೇ ಗೇಟು ಹಾಕಿಸ್ತೀನಿ. ಆಫೀಸಿನವರು ಬಂದು ನೋಡಿದ್ರೂ ಗೇಟು ಮುಚ್ಚಿರಬೇಕು. ಆಮೇಲೂ ಹಾಗೇ ಇರ್ಲಿ. ಒಂದ್ಸಲ ತಪ್ಪಿಸ್ಕೊಂಡು ಮತ್ತೆ ತೆರೆದ್ರೆ ಮತ್ತೆ ಬರ್ತಾರೆ.”

ನನ್ನ ತಮ್ಮ ಕಾಗದ ಮಡಚಿ ಜೇಬಿಗಿಟ್ಟ, ಆಫೀಸಿಗೆ ಆಕ್ಷೇಪಣೆಯನ್ನೂ ಬರೆದು ಹಾಕಿದ. ಗೇಟು ಮುಚ್ಚಿತು. ಅವನು ಸುಳ್ಳು ಹೇಳದೆ ಗೆಲ್ಲುವ ದಾರಿ ಸಿಕ್ಕಿತ್ತು. ಅಷ್ಟು ವರ್ಷ ಕಾಪಾಡಿಕೊಂಡ ಲೈಸೆನ್ಸು, ಮಂಡಿಗೆ ಹಿತವಾದ ಸೀಟು, ಎರಡೂ ಆ ಕಾಗದದೊಳಗೆ ಇದ್ದವು. ಅವನು ಒಪ್ಪಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ನನ್ನ ತಮ್ಮನ ಮಂಡಿ ಸದ್ದು ಮಾಡುವುದನ್ನು ಕೇಳಿದವಳು ನಾನು.

ಮೊದಲನೇ ದಿನ ಬೆಳಿಗ್ಗೆ ಗೇಟಿನ ಮುಂದೆ ಜನ ಬಂದು ಬಂದು ನಿಂತರು. ತಳ್ಳಿ ನೋಡಿದರು. ಇವತ್ತು ರಜೆಯೇ ಎಂದು ಒಬ್ಬರನ್ನೊಬ್ಬರು ಕೇಳಿದರು. ಆಮೇಲೆ ಒಬ್ಬೊಬ್ಬರಾಗಿ ದೊಡ್ಡ ರಸ್ತೆಯ ಕಡೆಗೆ ತಿರುಗಿದರು. ತಮ್ಮನ ಹೆಂಡತಿಯೂ ಸುತ್ತು ಹಾಕಿಯೇ ಹೋದಳು. ಕೆಲಸದವನ ಹೆಂಡತಿ ಎಂದು ಒಳಗೆ ಬಿಡುತ್ತೇವೆ ಎಂದರೂ ಒಪ್ಪಲಿಲ್ಲ. “ಬೀದಿಗಿಲ್ಲದ ಬಾಗಿಲು ನನಗೊಬ್ಬಳಿಗೆ ಯಾಕೆ?” ಎಂದಳಂತೆ. ಸಿಟ್ಟಿನಲ್ಲಿ ಹೇಳಲಿಲ್ಲ, ಹಾಗೇ ಹೇಳಿ ಹೋದಳು. ಗಂಡನಿಗೆ ಬೇಡ ಎಂದೂ ಹೇಳಲಿಲ್ಲ, ಬೇಕು ಎಂದೂ ಹೇಳಲಿಲ್ಲ.

ಕುರ್ಚಿ ಮಾವ ಬಂದಾಗ ನಾನು ಅಲ್ಲೇ ಇದ್ದೆ. ಕೋಲು ರೀಪನ್ನು ಹುಡುಕಿತು, ಕಬ್ಬಿಣಕ್ಕೆ ತಾಕಿತು. ಮತ್ತೊಮ್ಮೆ ತಾಕಿಸಿ ನೋಡಿದರು.

“ಇಲ್ಲೊಂದು ಗೋಡೆ ಯಾವಾಗ ಹುಟ್ಟಿತು?”

“ಗೋಡೆಯಲ್ಲ ಮಾವ, ಗೇಟು. ಹಾಕಿದಾರೆ” ಎಂದೆ.

“ನನಗೆ ಕಣ್ಣು ಕಾಣಲ್ಲ, ಸರಿ. ನಿಮ್ಮ ಗೇಟಿಗೆ ಏನಾಯ್ತು?”

ನಡೆದದ್ದು ಹೇಳಿದೆ. ಅವರು ತಲೆ ಆಡಿಸಿದರು. “ಓಹೋ. ಗೆರೆಯಣ್ಣನ ಲೈಸೆನ್ಸಿನ ಪ್ರಶ್ನೆ. ಹಾಗಾದ್ರೆ ಮುಚ್ಚಲಿ, ಪಾಪ. ಅವನಿಗೆ ಒಳ್ಳೇದಾಗಲಿ. ನಾನು ಹೇಗೋ ಹೋಗ್ತೀನಿ” ಎಂದು ದೊಡ್ಡ ರಸ್ತೆಗೆ ತಿರುಗಿದರು. ನಾನು ಅವರ ಕೈ ಹಿಡಿದು ಹೊರಟೆ. ಕುರುಡರನ್ನು ಕುಂಟಿ ನಡೆಸಿದ ಹಾಗೆ ಇಬ್ಬರೂ ಮೋರಿಯ ಅಂಚಿನಲ್ಲಿ ಹೋದೆವು. ಲಾರಿ ಹಾದಾಗಲೆಲ್ಲ ಅವರು ನನ್ನ ಕೈಯನ್ನು ಹಿಂಡುತ್ತಿದ್ದರು. ತಮಾಷೆ ಮಾತ್ರ ನಿಲ್ಲಿಸಲಿಲ್ಲ. “ಈ ಲಾರಿಗೆ ಎಣ್ಣೆ ಬದಲಾಯಿಸಬೇಕು, ಕೆಮ್ಮುತ್ತಿದೆ” ಎಂದರು.

ಹಿಂದಿನಿಂದ ಒಂದು ಗಾಡಿ ಬಂದದ್ದು ನನಗೂ ಗೊತ್ತಾಗಲಿಲ್ಲ. ಅದು ನಮ್ಮನ್ನು ದಾಟಲಿಲ್ಲ. ಹಾರ್ನೂ ಮಾಡಲಿಲ್ಲ. ಆಸ್ಪತ್ರೆ ಬೀದಿಯ ತಿರುವಿನವರೆಗೂ ನಮ್ಮ ಹಿಂದೆಯೇ, ನಮ್ಮ ಹೆಜ್ಜೆಯ ವೇಗದಲ್ಲೇ ಬಂತು. ಅದರ ಹಿಂದೆ ಲಾರಿಗಳ ಸಾಲು ನಿಂತು ಬೊಬ್ಬೆ ಹೊಡೆಯುತ್ತಿತ್ತು. ತಿರುವಿನಲ್ಲಿ ತಿರುಗಿ ನೋಡಿದೆ. ಮಿಲ್ಲಿನ ಪಿಕಪ್ಪು. ಒಳಗೆ ನನ್ನ ತಮ್ಮ, ಎದೆಯ ಮೇಲೆ ಬೆಲ್ಟು, ಎರಡೂ ಕೈ ಸ್ಟೀರಿಂಗಿನ ಮೇಲೆ, ಮುಖ ಹಲಗೆಯ ಹಾಗೆ.

ಮುಂದಿನ ನಾಲ್ಕು ದಿನವೂ ಅದೇ ಹೊತ್ತಿಗೆ ಅವನಿಗೆ ಆ ರಸ್ತೆಯಲ್ಲೇ ಏನೋ ಕೆಲಸ ಬೀಳುತ್ತಿತ್ತು.

ಆಫೀಸಿಗೆ ಹೋಗುವ ದಿನ ಅವನ ಹೆಂಡತಿಗೆ ಡ್ಯೂಟಿ ಇತ್ತು. ನಾನೇ ಜೊತೆಗೆ ಹೋದೆ. ಒಂದು ಕೋಣೆ, ಒಂದು ಮೇಜು, ಗೋಡೆಯುದ್ದಕ್ಕೂ ಬೆಂಚು. ಮೇಜಿನ ಹಿಂದೆ ಕನ್ನಡಕದ ಅಧಿಕಾರಿ. ಫ್ಯಾನಿಗೆ ಹಾರದಂತೆ ಕಾಗದಗಳ ಮೇಲೆ ಒಂದು ಹಳೇ ಬೀಗ ಇಟ್ಟಿದ್ದರು. ಪೊಲೀಸಮ್ಮ ಪಕ್ಕದಲ್ಲಿ ನಿಂತಿದ್ದರು. ನಮಗಿಂತ ಮುಂಚೆ ಬಂದವನೊಬ್ಬ, ಬೆಲ್ಟ್ ಹಾಕಿದರೆ ತನಗೆ ಹೊಟ್ಟೆ ನೋವು ಬರುತ್ತದೆ ಎಂದು ವಾದಿಸಿದ. “ಕುರ್ಚಿ ಹಿಂದೆ ಸರಿಸ್ಕೊಳ್ಳಿ, ಇಲ್ಲಾ ಹೊಟ್ಟೆ ಹಿಂದೆ ಸರಿಸ್ಕೊಳ್ಳಿ” ಎಂದು ಅಧಿಕಾರಿ ಮುದ್ರೆ ಒತ್ತಿ ಕಳಿಸಿದರು.

ನನ್ನ ತಮ್ಮನ ಸರದಿ ಬಂತು. ಅಧಿಕಾರಿ ಲೈಸೆನ್ಸು ನೋಡಿ ಹುಬ್ಬು ಏರಿಸಿದರು. “ಮೂವತ್ತೊಂದು ವರ್ಷ, ಒಂದು ಚೀಟಿಯಿಲ್ಲ! ಸರಿ, ಇದು ಖಾಸಗಿ ಅಂಗಳ ಅಂತ ಆಕ್ಷೇಪಣೆ ಹಾಕಿದೀರಿ. ಮಾಲೀಕರ ಕಾಗದ ಇದೆ ಅಂದಿದೀರಿ. ಕೊಡಿ.”

ಕಾಗದ ತಮ್ಮನ ಜೇಬಿನಲ್ಲಿತ್ತು. ಮಡಿಕೆ ನೇರವಾಗಿ ಇತ್ತು ಎಂದು ಬೇರೆ ಹೇಳಬೇಕಿಲ್ಲ. ಅವನು ಜೇಬಿಗೆ ಕೈ ಹಾಕಿದ, ಅಲ್ಲೇ ನಿಲ್ಲಿಸಿದ.

“ಗೇಟು ಮುಚ್ಚಿರುತ್ತಾ?” ಅಧಿಕಾರಿ ಕೇಳಿದರು.

“ಮುಚ್ಚಿದೆ ಸಾರ್. ಐದು ದಿನದಿಂದ.”

“ಹೊರಗಿನವರು ಓಡಾಡ್ತಾರಾ?”

“ಓಡಾಡ್ತಿಲ್ಲ ಸಾರ್. ಐದು ದಿನದಿಂದ.”

“ಅಂದ್ರೆ ಅದು ರಸ್ತೆಯಲ್ಲ, ಅಂಗಳ.”

ನನ್ನ ತಮ್ಮ ಜೇಬಿನಿಂದ ಕೈ ತೆಗೆದ. ಖಾಲಿ ಕೈ.

“ರಸ್ತೆ ಸಾರ್” ಎಂದ.

ಅಧಿಕಾರಿ ಕನ್ನಡಕ ತೆಗೆದರು. “ಏನ್ರೀ? ರಸ್ತೆ ಅಂತ ಅವರು ಹೇಳಬೇಕು. ಅಲ್ಲ ಅಂತ ಹೇಳೋಕೆ ನೀವು ಬಂದಿರೋದು.”

“ಆಕ್ಷೇಪಣೆ ಬರೆದಾಗ ಅಂಗಳ ಅನ್ಕೊಂಡಿದ್ದೆ ಸಾರ್. ಆಮೇಲೆ ನೋಡಿದೆ. ಅದು ರಸ್ತೇನೇ. ನಾನು ಗೆರೆ ಹಾಕಿದ ದಿನದಿಂದಲೂ ರಸ್ತೆ. ನನಗೇ ಗೊತ್ತಿರಲಿಲ್ಲ.” ಮತ್ತೆ ಸೇರಿಸಿದ, “ಜನ ಓಡಾಡ್ತಾರೆ ಸಾರ್. ಕಣ್ಣು ಕಾಣದವರೂ ಓಡಾಡ್ತಾರೆ. ಬೆಲ್ಟ್ ಹಾಕಬೇಕಿತ್ತು, ಹಾಕಿರಲಿಲ್ಲ.”

ಬೆಂಚಿನ ಮೇಲಿದ್ದವರೆಲ್ಲ ಕತ್ತು ಉದ್ದ ಮಾಡಿದರು. ಅಧಿಕಾರಿ ಪೊಲೀಸಮ್ಮನ ಕಡೆ ತಿರುಗಿ, “ಏನಮ್ಮಾ, ನಿನ್ನ ಪರವಾಗಿ ವಕೀಲರನ್ನ ಕರ್ಕೊಂಡು ಬಂದಿದೀಯಾ?” ಎಂದರು. ಮತ್ತೆ ನನ್ನ ತಮ್ಮನ ಕಡೆ ತಿರುಗಿದರು. “ಏರುತ್ತೆ ಕಣ್ರೀ ಲೈಸೆನ್ಸಿಗೆ. ಗೊತ್ತು ತಾನೆ?” ಎಂದು ಅಧಿಕಾರಿ ಕೇಳಿದರು. ಗೊತ್ತು ಎಂದ. ಮುದ್ರೆ ಬಿತ್ತು. ಅದರ ಸದ್ದೂ ‘ಟಪ್’ ಎಂದೇ ಇತ್ತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ನಾನೇನೂ ಕೇಳಲಿಲ್ಲ. ಕೇಳದಿದ್ದರೆ ಅವನೇ ಹೇಳುತ್ತಾನೆ.

“ಕಾಗದದಲ್ಲಿ ಇದ್ದದ್ದೆಲ್ಲ ನಿಜ ಅಕ್ಕ. ಗೇಟು ಮುಚ್ಚಿದೆ, ಯಾರೂ ಬರ್ತಿಲ್ಲ. ಒಂದೂ ಸುಳ್ಳಿಲ್ಲ. ಆದ್ರೂ ಹೊಲಿದ ಹಾಗೇ ಇತ್ತು.”

ನನಗೆ ಅರ್ಥವಾಯಿತು. “ಹೊಲಿಗೆ ಬಿಚ್ಚಿದೆಯಲ್ಲ, ಬಿಡು” ಎಂದೆ.

ಅಲ್ಲಿಂದ ನನ್ನನ್ನೂ ಕರೆದುಕೊಂಡು ನೇರ ಡ್ರೈವಿಂಗ್ ಶಾಲೆಗೆ ಹೋದ. ಸುದ್ದಿ ತಾನಾಗಿ ಮುಟ್ಟುವ ಮೊದಲು ತಾನೇ ಮುಟ್ಟಿಸಬೇಕು ಅವನಿಗೆ. ಮೇಡಂ ಪೂರ್ತಿ ಕೇಳಿದರು. ಮುಖ ಸಪ್ಪಗಾಯಿತು.

“ನೀವು ಮಾಡಿದ್ದು ಸರಿ. ಆದ್ರೆ ನನ್ನ ನಿಯಮ ನಾನೇ ಮುರಿದ್ರೆ, ನಾಳೆ ಕಲಿಯೋಕೆ ಬಂದವರಿಗೆ ಯಾವ ಬಾಯಲ್ಲಿ ಹೇಳ್ಲಿ?”

“ಹಾಗೇ ಹೇಳ್ಬೇಕು ಮೇಡಂ. ನೀವು ಬಾ ಅಂದಿದ್ರೆ ನನಗೆ ನಿಮ್ಮ ಶಾಲೆ ಬಗ್ಗೆ ಅನುಮಾನ ಬರ್ತಿತ್ತು” ಎಂದ. ಇಬ್ಬರೂ ನಕ್ಕರು. ವಾಪಸ್ ಬರುವಾಗ ಆಟೋದಲ್ಲಿ ನನ್ನ ಪಕ್ಕ ಕೂತಿದ್ದ. ಬಲಗಾಲಿನ ಪಾದ ಸುಮ್ಮಸುಮ್ಮನೆ ನೆಲ ಒತ್ತಿದ್ದನ್ನು ಒಂದೆರಡು ಸಲ ನೋಡಿದೆ. ಆಸೆ ಪಟ್ಟದ್ದು ಸಿಗದಿದ್ದರೆ ಯಾರಿಗೂ ನೋವೇ. ಅವನೇನು ಮರದವನಲ್ಲವಲ್ಲ.

ಯಜಮಾನರು, “ನಾನು ಬರೆದ ಕಾಗದ ಏನಯ್ಯಾ ಮಾಡಿದೆ?” ಎಂದು ಗುಡುಗಿದರು. ಅವನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಅವರು ಅದನ್ನೂ ಅವನನ್ನೂ ನೋಡಿದರು. “ಮೂರ್ಖ. ಶುದ್ಧ ಮೂರ್ಖ. ಹೋಗು, ಆ ಗೇಟು ತೆಗಿ. ಐದು ದಿನದಿಂದ ಬಂದವರಿಗೆಲ್ಲ ಕಾರಣ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ” ಎಂದರು. ಮರುವಾರವೇ ಹಗ್ಗ ಬಿಗಿಯಲು ಬೇರೆ ಒಬ್ಬ ಆಳನ್ನು ಹಾಕಿದರು. ಇನ್ನು ಮೇಲೆ ನೀನು ಗಾಡಿಯ ಹಿಂದಕ್ಕೆ ಹತ್ತಿದರೆ ಕಾಲು ಮುರಿಯುತ್ತೇನೆ ಎಂದರು. ಮಂಡಿಯ ವಿಷಯ ಅವರಿಗೆ ಯಾರು ಹೇಳಿದರೋ! ನಾನಂತೂ ಒಂದೇ ಸಲ ಹೇಳಿದ್ದು.

ಈಗ ನನ್ನ ತಮ್ಮ ಅಂಗಳದಲ್ಲೂ ಬೆಲ್ಟ್ ಬಿಗಿದೇ ಓಡಾಡುತ್ತಾನೆ. “ಚಪ್ಪಲಿ ಹಾಕ್ಕೊಂಡೇ ಮನೆಯೊಳಗೆ ತಿರುಗಿದ ಹಾಗಿದೆ ಅಕ್ಕ” ಎಂದು ಮೊದಲ ವಾರ ಗೊಣಗಿದ. ಹಿಂದೆ ನೋಡಲು ಯಜಮಾನರು ಎರಡು ದೊಡ್ಡ ಕನ್ನಡಿ ಹಾಕಿಸಿಕೊಟ್ಟರು. ಪೊಲೀಸಮ್ಮನ ಸ್ಕೂಟರು ದಿನವೂ ಅಂಗಳದಲ್ಲೇ ಹೋಗುತ್ತದೆ. ಪಟ್ಟೆಯ ಹತ್ತಿರ ಇಬ್ಬರೂ ಎದುರುಬದುರಾದರೆ, ನನ್ನ ತಮ್ಮ ಹೆಬ್ಬೆರಳಿನಿಂದ ಎದೆಯ ಬೆಲ್ಟನ್ನು ಎತ್ತಿ ತೋರಿಸುತ್ತಾನೆ. ಆಕೆ ತಮ್ಮ ಹೆಲ್ಮೆಟ್ಟನ್ನು ಬೆರಳಿನಿಂದ ತಟ್ಟಿ ತೋರಿಸುತ್ತಾರೆ.

ಒಂದೇ ಒಂದು ತೊಂದರೆಯಾಯಿತು. ಅದನ್ನು ಹೇಳಿದ್ದು ಕುರ್ಚಿ ಮಾವ.

“ಏನೋ ಗೆರೆಯಣ್ಣ, ಗರಗಸ ನಿಂತಿದ್ದಾಗ ನೀನು ಗೇಟೊಳಗೆ ಬಂದ್ರೆ ಟಕ್ ಅಂತಿತ್ತು. ಆ ಸದ್ದು ಕೇಳಿದ್ರೆ, ಆಹಾ, ನಮ್ಮವನು ಬಂದ, ಇನ್ನು ಭಯ ಇಲ್ಲ ಅನ್ಕೋತಿದ್ದೆ. ಈಗ ಆ ಸದ್ದೇ ಇಲ್ಲ. ಬಂದಿದ್ದು ನೀನೋ ಯಮನೋ ಹೇಗೆ ಗೊತ್ತಾಗಬೇಕು?”

ನನ್ನ ತಮ್ಮ ಯೋಚಿಸಿದ. ಬೆಲ್ಟ್ ಬಿಚ್ಚುವ ಹಾಗಿಲ್ಲ. ಆಸ್ಪತ್ರೆ ಹತ್ತಿರವಿರುವುದರಿಂದ ಹಾರ್ನ್ ಮಾಡುವುದು ಅವನಿಗೆ ಇಷ್ಟವಿಲ್ಲ. ಮಾರನೇ ದಿನದಿಂದ, ಗೇಟು ಹೊಕ್ಕ ಕೂಡಲೇ ಕಿಟಕಿಯಿಂದ ಕೈ ಹೊರಹಾಕಿ ಬಾಗಿಲಿನ ತಗಡನ್ನು ಎರಡು ಸಲ ಬಡಿಯುತ್ತಾನೆ. ಟಪ್, ಟಪ್. ಗೋಡೆಯ ಕಡೆಯಿಂದ ಕುರ್ಚಿ ಮಾವ ಕೋಲಿನಿಂದ ರೀಪಿಗೆ ಎರಡು ಬಡಿಯುತ್ತಾರೆ. ನಾನು ಹಲಗೆಯ ಅಟ್ಟಿಯ ಮೇಲೆ ಮಂಡಿ ನೀವಿಕೊಳ್ಳುತ್ತಾ ಕೂತಿರುತ್ತೇನೆ. ಗರಗಸ ಎಷ್ಟೇ ಕಿರುಚಲಿ, ಆ ನಾಲ್ಕು ಸದ್ದು ನನಗೆ ಸ್ಪಷ್ಟವಾಗಿ ಕೇಳುತ್ತದೆ.